ಈಗಿನ ವಾಸ

ಗಾಜಿನ ಮೇಲೆ ಎಣ್ಣೆಗೈಯ ಗುರುತು, ಕಿಟಕಿಯ ಬಿಸಿಲು ಅಡ್ಡ ಬಿದ್ದಾಗ ಮಾತ್ರ ಕಾಣುವಂಥದ್ದು, ಒರೆಸಬೇಕು, ಒರೆಸುವವಳೂ ನಾನೇ, ನಿರ್ದೇಶಕಿ, ಗುಮಾಸ್ತೆ, ಜೇಡರ ಬಲೆ ತೆಗೆಯುವವಳು ಎಲ್ಲ ನಾನೇ, ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಮೊದಲನೆಯದನ್ನು ಮಾತ್ರ ಕೆತ್ತಿದ್ದಾರೆ — ಯಲಬುರ್ಗಾದ ಎರೆಹೊಲದ ನಡುವೆ ಗ್ರಾನೈಟ್ ಧಣಿ ಶರಣಬಸಪ್ಪನವರು ತಮ್ಮ ತಾಯಿಯ ಹೆಸರಲ್ಲಿ ಎಬ್ಬಿಸಿದ ವಿಶ್ವವಿದ್ಯಾಲಯ ಇದು, ಆ ತಾಯಿ ಗೋಡೆಗೆ ಚಿತ್ರ ಬರೆಯುತ್ತಿದ್ದರಂತೆ, ಒಂದೂ ಉಳಿದಿಲ್ಲ, ಮಗ ಹಳೇ ಮನೆ ಕೆಡವಿ ಬಂಗಲೆ ಕಟ್ಟುವಾಗ ಗೋಡೆಯ ಮಣ್ಣಿನ ಜೊತೆ ಚಿತ್ರಗಳೂ ಟ್ರ್ಯಾಕ್ಟರ್ ಹತ್ತಿ ಹೋದವು, ಆಮೇಲೆ ಪಶ್ಚಾತ್ತಾಪವಾಗಿ ಹೆಂಗಸರು ಬರೆದ ಚಿತ್ರಗಳಿಗೆಂದೇ ಒಂದು ಸಂಗ್ರಹ, ಅರವತ್ತೆರಡು ಚಿತ್ರ, ನಲವತ್ತೊಂದು ಹೆಂಗಸರು, ಗೋಡೆ ಮಾತ್ರ ಗ್ರಾನೈಟಿನದೇ, ಮೊಳೆ ಇಳಿಯುವುದಿಲ್ಲ. ಕುಲಪತಿಗಳು ಉದ್ಘಾಟನೆಯ ದಿನ ಒಂದು ಸುತ್ತು ಹೊಡೆದು ಬೆವರು ಒರೆಸಿಕೊಂಡರು, ಏನ್ರಿ ರೂಪಾ ಮೇಡಂ, ಎಲ್ಲಿ ನೋಡಿದ್ರೂ ಕೊಡ್ಲಿ, ಕುಡಗೋಲು, ಬೆಂಕಿ, ಒಂದರ ಹೂವಿನ ಬುಟ್ಟಿ ಇಲ್ಲೇನ್ರಿ ನಿಮ್ಮ ಹೆಣ್ಮಕ್ಕಳ ತಲಿಯಾಗ — ಇದೆ ಸರ್, ನಲವತ್ತನೆಯದು ಹೂವಿನ ಬುಟ್ಟಿ, ಅಂದೆ, ಹತ್ತಿರ ಹೋಗಿ ನೋಡಿದರೆ ಹೂವಿನ ಕೆಳಗೆ ಒಂದು ಗಂಡಸಿನ ತಲೆ ಇದೆ ಎಂದು ಹೇಳಲಿಲ್ಲ, ಅವರು ಹತ್ತಿರ ಹೋಗಲೂ ಇಲ್ಲ, ಯಾರೂ ಹೋಗುವುದಿಲ್ಲ, ಹನ್ನೊಂದು ದಿನದಿಂದ ಒಂದು ನರಪಿಳ್ಳೆ ಬಂದಿರಲಿಲ್ಲ, ಇವತ್ತು ಬಂದ ಈ ಒಬ್ಬ ಪುಣ್ಯಾತ್ಮ ಬಿಟ್ಟರೆ, ಅವನದೇ ಈ ಎಣ್ಣೆಗೈ. ಚಪ್ಪಲಿ ಹೊರಗೆ ಬಿಟ್ಟು ಬಂದ, ಗುಡಿಗೆ ಬಂದ ಹಾಗೆ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಐವತ್ತರ ಹತ್ತಿರದವನು, ಅಕ್ಕಾರ, ಇಲ್ಲಿ ಹಂಪವ್ವ ಅನ್ನಾಕಿದು ಒಂದ್ ಚಿತ್ರ ಐತಂತಲ್ರಿ, ಪೇಪರ್‌ನ್ಯಾಗ ಫೋಟೋ ಬಂದಿತ್ತು, ಅಂದ, ನನ್ನ ಎದೆ ಉಬ್ಬಿತು, ಕುಷ್ಟಗಿ ಕಡೆಯ ಒಬ್ಬ ಒಕ್ಕಲಿಗ, ಎರಡು ಬಸ್ಸು ಬದಲಾಯಿಸಿ, ಕಲಾವಿದೆಯ ಹೆಸರು ಹಿಡಿದು ಕೇಳಿಕೊಂಡು ಬಂದಿದ್ದಾನೆ, ಆಕಿ ನಿಮಗ ಗೊತ್ತೇನ್ರಿ, ನಮ್ಮೂರಾಕಿರಿ, ಬರ್ರಿ ಬರ್ರಿ, ಇದೇ ನೋಡ್ರಿ, ಚಹಾ ಕುಡಿತೀರೇನು. ನನಗ ಅಕ್ಷರ ಬರಂಗಿಲ್ರಿ ಅಕ್ಕಾರ, ಕೆಳಗ ಏನೋ ಬರದೀರಲ್ಲ, ಸ್ವಲ್ಪ ಓದಿ ಹೇಳ್ರಿ — ನಾನು ತೋರುಬೆರಳನ್ನು ಅಕ್ಷರದ ಕೆಳಗೆ ಇಟ್ಟು, ವಯಸ್ಕರ ಸಾಲಿಯಲ್ಲಿ ಕಲಿಸಿದ ಹಾಗೆ, ಒಂದೊಂದೇ ಪದದ ಕೆಳಗೆ ಬೆರಳು ಸರಿಸುತ್ತ ಓದಿದೆ, ಹಂಪವ್ವ, ಅಕ್ಕಿ ಚೀಲದ ಮೇಲೆ ಇದ್ದಿಲು, ಕೆಮ್ಮಣ್ಣು, ಸುಣ್ಣ, ಎಡಗೈಯಿಂದ ರಚಿಸಿದ್ದು, ಎಡಗೈಲೇನ್ರಿ ಅಂದ, ಹೌದ್ರಿ, ಬಲಗೈ ಸುಟ್ಟೈತಿ ಆಕಿದು ಅಂದೆ, ಓಹೋ ಅಂದ, ಇನ್ನೊಮ್ಮೆ ಓದ್ರಿ ಅಕ್ಕಾರ, ಕೇಳಾಕ ಛಲೋ ಅನಸ್ತೈತಿ, ಇನ್ನೊಮ್ಮೆ ಓದಿದೆ, ನಿಧಾನವಾಗಿ. ಚಿತ್ರದ ಗಾಜಿನ ಮೇಲೆ ಅವನು ಅಂಗೈ ಇಟ್ಟಾಗ ಮುಟ್ಟಬೇಡಿ ಎಂಬ ಬೋರ್ಡು ಅಲ್ಲೇ ಇತ್ತು, ಓದಲು ಬಾರದವನಿಗೆ ಯಾವ ಬೋರ್ಡು, ಕಲೆಯನ್ನು ಮುಟ್ಟಿ ನೋಡುವ ಜನ ಎಂದು ಮನಸ್ಸಿನಲ್ಲೇ ಒಂದು ಲೇಖನದ ಮೊದಲ ಸಾಲು ಬರೆದುಕೊಂಡೆ, ಈಗ ಒದ್ದೆ ಬಟ್ಟೆ ಹಿಡಿದು ನಿಂತಿದ್ದೇನೆ, ಬಿಸಿಲಿನಲ್ಲಿ ಗುರುತು ಸ್ಪಷ್ಟವಾಗಿದೆ, ಚಿತ್ರದೊಳಗಿನ ಕೈಯ ಮೇಲೆ ಸರಿಯಾಗಿ ಕೂತಿದೆ, ಹೆಂಗಸೊಬ್ಬಳ ಜಡೆಯನ್ನು ಮೊಣಕೈವರೆಗೆ ಸುತ್ತಿಕೊಂಡ ಆ ದೊಡ್ಡ ಕರಿ ಕೈ, ಹಂಪವ್ವ ಬರೆದದ್ದು, ನಾಲ್ಕೇ ಬೆರಳಿನ ಕೈ — ಇದರ ಬಗ್ಗೆ ನಾನು ಧಾರವಾಡದಲ್ಲಿ ಪ್ರಬಂಧ ಓದಿದ್ದೆ, ಉಂಗುರ ಬೆರಳಿನ ಗೈರುಹಾಜರಿಯು ದಾಂಪತ್ಯದ ನಿರಾಕರಣೆಯನ್ನು ಸೂಚಿಸುತ್ತದೆ, ಚಪ್ಪಾಳೆ ಬಿದ್ದಿತ್ತು, ಊಟದ ಹೊತ್ತಿಗೆ ಇಬ್ಬರು ಪ್ರೊಫೆಸರರು ಬಂದು ಪ್ರತಿ ಕೇಳಿದ್ದರು — ಎಣ್ಣೆಯ ಗುರುತಿಗೂ ನಾಲ್ಕೇ ಬೆರಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಆಮೇಲೆ ಒಂದು ಖಾಲಿ, ಆಮೇಲೆ ಕಿರುಬೆರಳು. ನನ್ನ ಕೈ ಇಟ್ಟು ನೋಡುತ್ತೇನೆ, ನನ್ನದು ಒಂದು ಬೆರಳು ಹೆಚ್ಚಾಗುತ್ತದೆ. ಚಹಾದ ಗ್ಲಾಸನ್ನು ಅವನು ಹಿಡಿದದ್ದು ಕಂಡಿತ್ತು, ಕಂಡೂ, ಕಾಳು ಒಕ್ಕೂ ರಾಶಿ ಮಷಿನ್‌ನ್ಯಾಗ ಬೆರಳು ಹೋಗಿರಬೇಕು ಪಾಪ ಅಂದುಕೊಂಡಿದ್ದೆ, ಅಷ್ಟೇ, ಸಂಕೇತ ಚಿತ್ರದಲ್ಲಿ, ಪಾಪ ಮನುಷ್ಯನಲ್ಲಿ, ಎರಡರ ನಡುವೆ ಒಂದು ಮೊಳ ದೂರ ಇತ್ತು, ನನ್ನ ವಿದ್ಯೆಗೆ ಅದನ್ನು ದಾಟಲು ಒಂದು ತಾಸು ಹಿಡಿಯಿತು, ಅವನು ಹೋಗಿ ಒಂದು ತಾಸು, ಗಂಗಾವತಿಗೆ ಬಸ್ ಯಾವಾಗೈತ್ರಿ ಅಂತ ಕೇಳಿದ್ದ, ಕೊಪ್ಪಳಕ್ಕ ಹೋಗಿ ಬದಲಿ ಮಾಡ್ರಿ, ಹೊಂಟ್ರ ಈಗ ಸಿಗತೈತಿ ಅಂತ ನಾನೇ ಹೇಳಿದ್ದೆ, ಬಟ್ಟೆ ನೆಲಕ್ಕೆ ಬಿತ್ತು, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ.

ಇಬ್ರಾಹಿಂಸಾಬ್ರ, ಜೀಪ್ ತಗೀರಿ, ಗಂಗಾವತಿಗೆ, ಲಗೂನ — ಡೀಸೆಲ್‌ಗೆ ಕುಲಪತಿ ಸಹಿ ಬೇಕಲ್ರಿ ಮೇಡಮ್ಮಾರ, ಆಮ್ಯಾಲೆ ಹಾಕಸ್ತೀನಿ ನಡೀರಿ, ಒಬ್ಬಾಕಿನ್ನ ಕೊಲ್ಲಾಕ ಹೊಂಟಾನ ಒಬ್ಬಾಂವ, ಅಂದಮೇಲೆ ಅವರು ಚಾವಿ ತಿರುಗಿಸಿದರು, ಕುಕನೂರು ದಾಟಿದ ಮೇಲೆ, ಗಂಡೇನ್ರಿ, ಅಂದರು, ಹೌದು ಅಂದೆ, ಮತ್ತ ಯಾರಿರ್ತಾರ ಬಿಡ್ರಿ, ಮಂದಿ ಬಂದು ಕೊಲ್ಲೂದು ಸಿನಿಮಾದಾಗಷ್ಟ, ಎಂದು ಗೇರು ಬದಲಿಸಿದರು. ಪೊಲೀಸರ ನೂರಾ ಹನ್ನೆರಡಕ್ಕೆ ಫೋನು ಹಚ್ಚಿದೆ, ಒಂದು ಹೆಣ್ಣು ದನಿ, ವಿಳಾಸ ಹೇಳಿ ಮೇಡಂ, ಹೇಳಿದೆ, ಹಂಪವ್ವ, ಈಗಿನ ವಾಸ, ಗಂಗಾವತಿ, ಅಕ್ಕಿ ಗಿರಣಿಯ ಹಿಂದಿನ ಸಾಲುಮನೆ, ಎಡಗಡೆ ಮೂರನೆಯದು, ಬಾಯಿಪಾಠವಾಗಿದೆ, ಬೆಳಗಿನಿಂದ ಇದು ಮೂರನೇ ಸಲ ಓದುತ್ತಿರುವುದು, ಗಾಡಿ ಕಳಿಸ್ತೀವಿ ಮೇಡಂ, ಆಕೆಯ ಫೋನ್ ನಂಬರ್ — ಇಲ್ಲ, ಫೋನು ಇಟ್ಟಿಲ್ಲ, ಸಿಮ್ಮನ್ನು ಹಲ್ಲಿನಿಂದ ಕಚ್ಚಿ ಮುರಿದು ಉಗುಳಿ ಬಂದವಳು ಅವಳು, ಪಕ್ಕದ ಮನೆಯ ಬಾಷಾಬಿಯದೊಂದು ಇದೆ, ಅದು ವ್ಯಾಪ್ತಿ ಪ್ರದೇಶದ ಹೊರಗಿದೆ, ಮತ್ತೆ ಹಚ್ಚಿದೆ, ಹೊರಗಿದೆ, ಸುಶಿಕ್ಷಿತ ದನಿಯ ಆ ಹುಡುಗಿ ದಯವಿಟ್ಟು ಎನ್ನುವುದನ್ನು ಮರೆಯುವುದಿಲ್ಲ. ಎಷ್ಟು ಹೆಮ್ಮೆ ನನಗೆ ಚಿತ್ರದ ಕೆಳಗಿನ ಆ ಚೀಟಿಯ ಬಗ್ಗೆ, ಗಂಡಸು ಕಲಾವಿದನಾದರೆ ಹುಟ್ಟಿದ ಓಣಿ, ಓದಿದ ಸಾಲಿ, ಗುರುಗಳು, ಗುರುಗಳ ಗುರುಗಳು, ಹೆಂಗಸಾದರೆ ಅನಾಮಿಕ ಗ್ರಾಮೀಣ ಮಹಿಳೆ, ನನ್ನ ಸಂಗ್ರಹದಲ್ಲಿ ಅದು ನಡೆಯುವುದಿಲ್ಲ, ಇಲ್ಲಿ ಪ್ರತಿ ಹೆಣ್ಣಿಗೂ ಹೆಸರುಂಟು, ಊರುಂಟು, ಮನೆಯುಂಟು, ಯಾರಾದರೂ ಹುಡುಕಿಕೊಂಡು ಹೋಗಬಹುದು — ಈ ವಾಕ್ಯವನ್ನು ಉದ್ಘಾಟನೆಯ ಭಾಷಣದಲ್ಲಿ ಹೇಳಿದ್ದೆ, ಯಾರಾದರೂ ಹುಡುಕಿಕೊಂಡು ಹೋಗಬಹುದು, ಪತ್ರಿಕೆಯವರು ಅದನ್ನೇ ದಪ್ಪಕ್ಷರದಲ್ಲಿ ಹಾಕಿದ್ದರು. ಮತ್ತು ಅವಳು ಹೇಳಿದ್ದಳಲ್ಲ, ಒಮ್ಮೆ, ಮೆಲ್ಲಗೆ, ಸೆರಗಿನ ತುದಿ ಹಲ್ಲಲ್ಲಿ ಹಿಡಿದು, ಊರ ಹೆಸರ ಬರೀಬ್ಯಾಡ್ರಿ ಅಕ್ಕಾರ, ನಾನು ನಕ್ಕೆ, ಯಾಕ, ಚಿತ್ರ ನೋಡಾಕ ಅಲ್ಲಿತನಾ ಯಾರ್ ಬರ್ತಾರ ಹಂಪವ್ವ, ನಾಯಿ ಸುದ್ದಾ ಬರಂಗಿಲ್ಲ ಅಲ್ಲಿ, ಹೌದೇನ್ರಿ, ಹೌದು, ಹಂಗಾರ ಬರೀರಿ, ಅಂದಳು, ಬರೆದೆ, ಅದರ ಮೇಲೊಂದು ಟಿಪ್ಪಣಿಯನ್ನೂ ಬರೆದೆ, ಗ್ರಾಮೀಣ ಸ್ತ್ರೀಯರಲ್ಲಿ ಸ್ವಯಂ-ಅಳಿಸುವಿಕೆಯ ಪ್ರವೃತ್ತಿ. ಸಂಗ್ರಹದ ಅರ್ಜಿಯಲ್ಲಿ ಗಂಡನ ಹೆಸರಿನ ಕಾಲಂ ಬಂದಾಗ ಅವಳು ಬಾಯಿ ಬಿಡಲಿಲ್ಲ, ಗಂಡನ ಹೆಸರು ಹೆಂಡತಿ ಹೇಳಬಾರದು, ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದಂತೆ, ಅವನದು, ಅಯ್ಯ, ಅಂವನ ಮ್ಯಾಲೆ ಇಷ್ಟ ಸಿಟ್ಟೈತಿ, ಹೆಸರ ಹೇಳಾಕೇನು ಅಂದರೆ, ಸಿಟ್ಟ ಬ್ಯಾರೆರಿ, ಹೆಸರ ಬ್ಯಾರೆ, ಬೇಕಂದ್ರ ನಮ್ಮತ್ತಿನ್ನ ಕೇಳ್ರಿ ಎಂದು ನಕ್ಕಳು, ಕಾಲಂ ಖಾಲಿ ಬಿಟ್ಟೆವು, ಗಂಡನ ಹೆಸರೇ ಇಲ್ಲದ ಅರ್ಜಿ, ನನಗದು ಒಂದು ಸಣ್ಣ ಕ್ರಾಂತಿಯಂತೆ ಕಂಡಿತು, ಹಾಗಾಗಿ ಇವತ್ತು ಬೆಳಿಗ್ಗೆ ಸಂದರ್ಶಕರ ಪುಸ್ತಕದಲ್ಲಿ ಗೋಣೆಪ್ಪ, ಕುಷ್ಟಗಿ ಕಡೆ ಎಂದು ನನ್ನ ಕೈಯಾರೆ ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡಾಗ, ಮಸಿಯನ್ನು ಒರೆಸಿಕೊಳ್ಳಲು ಕಾಗದ ಕೊಟ್ಟಾಗ, ಆ ಹೆಸರು ನನ್ನೊಳಗೆ ಯಾವ ಬಾಗಿಲನ್ನೂ ತಟ್ಟಲಿಲ್ಲ. ಊರಿನವರಿಗೆ ಪೇಪರಿನ ಫೋಟೋ ನೋಡಿದ ಕೂಡಲೇ ತಿಳಿದಿರಬೇಕು, ಚಹಾದಂಗಡಿಯಲ್ಲಿ ಒಬ್ಬ ಅವನಿಗೆ ತೋರಿಸಿ, ಲೇ ಗೋಣ್ಯಾ, ಇದು ನಿನ್ನ ಕೈ ಅಲ್ಲೇನಲೇ, ಅಂದಿರಬೇಕು, ಎಲ್ಲರೂ ನಕ್ಕಿರಬೇಕು, ಆ ನಗುವೇ ಅವನನ್ನು ಬಸ್ಸು ಹತ್ತಿಸಿರಬೇಕು, ಅಕ್ಷರ ಬಾರದ ಅಷ್ಟು ಜನ ಓದಿದ್ದನ್ನು ನಾನೊಬ್ಬಳು ಓದಲಿಲ್ಲ, ಬೆರಳಿಟ್ಟು ಓದಿದ್ದು ಬೇರೆ.

ಕೊಪ್ಪಳ ದಾಟಿ ಗಿಣಿಗೇರಿಯ ಹತ್ತಿರ ರೈಲ್ವೆ ಗೇಟು ಬಿದ್ದಿದೆ, ಗೂಡ್ಸು ಗಾಡಿ, ಡಬ್ಬಿಯ ಮೇಲೆ ಡಬ್ಬಿ, ಕೆಂಪು ಅದಿರು, ಐವತ್ತೆಂಟು ಡಬ್ಬಿ ಎಣಿಸಿದೆ, ಮುಂದೆ ನಿಂತ ಬಸ್ಸಿನ ಹಿಂಬದಿ ಗಾಜಿನಲ್ಲಿ ತಲೆಗಳು, ಟವೆಲಿನ ತಲೆ ಯಾವುದೂ ಇಲ್ಲ, ಇಳಿದು ಓಡಿಹೋಗಿ ನೋಡಿದೆ, ಯಾರ್ ಬೇಕ್ರಿ ಅಂದ ಕಂಡಕ್ಟರು, ನಾಲ್ಕು ಬೆರಳಿನಾಂವ ಅಂದೆ, ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಇಲ್ರಿ, ಇದಕ್ಕ ಮುಂಚಿನ ಬಸ್ಸಿಗೆ ನೋಡ್ರಿ, ಅದು ಗೇಟ್ ಬೀಳೂದ್ರಾಗ ದಾಟಿ ಹೋತು. ಇಬ್ರಾಹಿಂಸಾಬ್ರು ಸ್ಟೀರಿಂಗಿಗೆ ಗುದ್ದಿದರು, ಒಮ್ಮೆ, ಹಾರ್ನು ಕೂಗಿತು, ಅವರೇ ಬೆಚ್ಚಿದರು, ನನ್ನ ತಂಗೀ ಗಂಡ್ರಿ ಮೇಡಮ್ಮಾರ, ಅವನೂ ಹಿಂಗ, ನಾವು ಮೂವರು ಅಣ್ಣ ತಮ್ಮಂದಿರು ಹೋಗಿ ಕಾಲ ಮುರದು ಬಂದ್ವಿ, ಈಗ ಛಲೋ ಅದಾನ, ಕುಂಟತಾನ, ಆದ್ರ ಛಲೋ ಅದಾನ. ಹಂಪವ್ವನಿಗೆ ಅಣ್ಣ ತಮ್ಮಂದಿರಿಲ್ಲ, ಅವಳು ಊರ ಮಂದಿಯ ಗೋಡೆಗೆ ಮದುವೆಯ ಹೊತ್ತಿಗೆ ಕೆಮ್ಮಣ್ಣು ಸುಣ್ಣದಲ್ಲಿ ಆನೆ ನವಿಲು ಬರೆಯುತ್ತಿದ್ದಳು, ಮಂದಿ ಗ್ವಾಡಿ ಮುಂದ ಬಗ್ಗಿ ನಿಂದ್ರತೀ ಎಂದು ಗೋಣೆಪ್ಪ ಒಂದು ದಿನ ಒಲೆಯ ಮುಂದೆ ಅವಳ ಬಲಗೈ ಹಿಡಿದ, ಅದನ್ನವಳು ಹೇಳಿದ್ದು ನನ್ನ ಮನೆಯ ಕಟ್ಟೆಯ ಮೇಲೆ ಕೂತು, ಅಡಿಕೆ ಜಗಿಯುತ್ತ, ಹಂಚ ಕಾದಿತ್ರಿ, ಅಂಗೈ ಅದರ ಮ್ಯಾಲೆ ಇಟ್ಟು ಒತ್ತಿದಾ, ಒಂದ್ ಕಡಿ ಬೆಂದ ಮ್ಯಾಲ ತಿರುವಿ ಹಾಕಿದಾ, ರೊಟ್ಟಿ ತಿರುವಿದಂಗ, ಒಂದ್ ಕಡಿ ಹಸಿ ಉಳದ್ರ ಅಂವಗ ಸೇರಂಗಿಲ್ರಿ, ಎಂದು ನಕ್ಕಳು, ನನಗೆ ಆ ದಿನ ರೊಟ್ಟಿ ಇಳಿಯಲಿಲ್ಲ, ಮರುದಿನ ಇಳಿಯಿತು, ಆಮೇಲೆ ಅವಳ ಕಥೆಯನ್ನು ಪ್ರಸ್ತಾವನೆಯಲ್ಲಿ ಬರೆಯುವಾಗ ಹಸಿವೂ ಆಗುತ್ತಿತ್ತು. ಅಲ್ಲಿಂದ ಓಡಿ ಬಂದು ಗಂಗಾವತಿಯ ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸ, ಬಲಗೈ ಮುಷ್ಟಿಯಾಗಿ ಮುದುಡಿದೆ, ಎಡಗೈಯನ್ನು ಪಳಗಿಸಿಕೊಂಡಳು, ಮೊದಲು ಸೂಜಿಗೆ, ಆಮೇಲೆ ಇದ್ದಿಲಿಗೆ, ಎಡಗೈಗೆ ನಾಚಿಕಿ ಇಲ್ರಿ ಅಕ್ಕಾರ, ಬಲಗೈ ಆನಿ ನವಿಲು ಬರೀತಿತ್ತು, ಇದು ಖರೇ ಬರೀತೈತಿ, ಈ ಮಾತನ್ನು ಕೇಳಿಯೇ ಚೀಟಿಯ ಮೇಲೆ ಎಡಗೈಯಿಂದ ರಚಿಸಿದ್ದು ಎಂದು ಸೇರಿಸಿದೆ, ಸೇರಿಸಿ ಕೆಳಗೆ ಗೆರೆ ಎಳೆದೆ, ಎಡಗೈಲೇನ್ರಿ, ಹೌದ್ರಿ, ಓಹೋ — ಬೆರಳು ಗಾಜಿನ ಮೇಲೆ ಸರಿಯುತ್ತದೆ, ಎ, ಡ, ಗೈ, ಅವನ ಕಣ್ಣು ನನ್ನ ಬೆರಳಿನ ಹಿಂದೆ ಸರಿಯುತ್ತದೆ, ಒಳ್ಳೆಯ ವಿದ್ಯಾರ್ಥಿ, ಗೇಟು ಏಳುತ್ತದೆ. ಹೇಮಗುಡ್ಡ ದೂರದಲ್ಲಿ ಸರಿಯುತ್ತಿದೆ, ಇಬ್ರಾಹಿಂಸಾಬ್ರು ನನಗಾಗಿ ಆ ಕಡೆ ಒಂದು ಕೈ ಎತ್ತಿ ಮುಗಿದರು, ನಿಮ್ಮ ದುರ್ಗಮ್ಮಗ ಹೇಳೀನ್ರಿ ಅಂದರು, ಕಾಲುವೆ ಬಂತು, ಭತ್ತದ ಹಸಿರು ಬಂತು, ಯಲಬುರ್ಗಾದವರ ಕಣ್ಣಿಗೆ ಇದೊಂದು ಅನ್ಯಾಯದಷ್ಟು ಹಸಿರು, ಸಮಯ ಒಂದೂ ಹತ್ತು.

ಗಿರಣಿಯ ಹಿಂದಿನ ಸಾಲುಮನೆ ಹುಡುಕಬೇಕಾಗಲಿಲ್ಲ, ಮಂದಿಯೇ ದಾರಿ ತೋರಿಸುವಷ್ಟು ಕೂಡಿದ್ದರು, ತೌಡಿನ ಧೂಳು ಹಾರುತ್ತಿದೆ, ಕಂಬಕ್ಕೆ ಅವನನ್ನು ಚೀಲ ಹೊಲಿಯುವ ಸುತಳಿಯಿಂದ ಕಟ್ಟಿದ್ದಾರೆ, ಹಮಾಲರು, ಆರೇಳು ಜನ, ಕೊಕ್ಕೆ ಇನ್ನೂ ಕೈಯಲ್ಲೇ ಇದೆ, ಬಿಳಿ ಅಂಗಿ ಬೆನ್ನಿಗೆ ಅಂಟಿದೆ, ಬಾಷಾಬಿ ಕುದಿಯುವ ಗಂಜಿ ಸುರಿದಳಂತೆ ಹಿಂದಿನಿಂದ, ಅಂಗಿ ಎಳೆದರೆ ಚರ್ಮ ಬರುತ್ತಿದೆ, ಒಂದು ಕಣ್ಣು ಮುಚ್ಚಿಹೋಗಿದೆ, ಮುಂದಿನ ಹಲ್ಲು ಎರಡಿಲ್ಲ, ಅವನ ಕಾಲ ಬಳಿ ಕುಡಗೋಲು, ಅದರ ಮೇಲೆ ನೊಣ, ಗಂಗಾವತಿಯ ನೊಣಗಳಿಗೆ ಯಾವತ್ತೂ ಪುರುಸೊತ್ತಿಲ್ಲ. ಜೀವ ಐತ್ರಿ, ಜೀವ ಐತಿ, ಆಟೋದಾಗ ಹಾಕಿ ಒಯ್ದಾರ, ಎಂದು ಯಾರೋ ನನಗೆ ಹೇಳುತ್ತಿದ್ದಾರೆ, ನಾನು ಕೇಳುತ್ತಿರುವುದು ಅದನ್ನಲ್ಲ, ಯಾವ ಕೈ, ಯಾವ ಕೈರಿ ಎಂದು ಕೇಳುತ್ತಿದ್ದೇನೆ, ಎಡಗೈರಿ ಮೇಡಂ, ಬಾಗಲಾ ತಗದ ಕೂಡ್ಲೆ ಆಕಿ ಜಡಿ ಹಿಡದಾ, ಕೆಡವಿದಾ, ಮೊಣಕಾಲ ಎದಿ ಮ್ಯಾಲ ಇಟ್ಟಾ, ಬಲಗೈ ಮುಂದ ಮಾಡಿದ್ಲ ಪಾಪ, ಅದನ್ನ ತಳ್ಳಿ ಎಡಗೈ ಎಳಕೊಂಡು ಹೊಸ್ತಿಲಾ ಮ್ಯಾಲಿಟ್ಟು ಹೊಡದ, ಕಟಗೀ ಕಡದಂಗ, ಎರಡ ಏಟು, ಮೂರನೇದಕ ಬಾಷಾಬಿ ಬಂದ್ಲು. ನಾನು ಮುಂದೆ ಹೋದೆ, ಯಾಕೆ ಹೋದೆ, ಮುಖಕ್ಕೆ ಉಗಿಯಲೆಂದೇ ಇರಬೇಕು, ಬಾಯಿ ಒಣಗಿತ್ತು, ಅವನು ತೆರೆದಿದ್ದ ಒಂದು ಕಣ್ಣಿಂದ ನನ್ನನ್ನು ಗುರುತು ಹಿಡಿದ, ಮನೆಗೆ ಬಂದ ಬೀಗರನ್ನು ಮಾತಾಡಿಸುವ ಹಾಗೆ, ಬಂದ್ರೇನ್ರಿ ಅಕ್ಕಾರ, ಅಂದ, ರಕ್ತ ಉಗುಳಿ, ನೀವು ಹೇಳಿದಂಗ ಇತ್ರಿ, ಎಡಗಡಿ ಮೂರನೇದು. ಯಾರಿಗಿ ಮಾತಾಡ್ತಾನಲೇ ಇಂವ ಎಂದ ಒಬ್ಬ ಹಮಾಲ ಬಾಯಿಯ ಮೇಲೆ ಹೊಡೆದ, ಮತ್ತೆ ಹೊಡೆದ, ಮತ್ತೆ ಮಾತಾಡದ ಹಾಗೆ ಹೊಡೆದ, ಮಂದಿ ನನ್ನ ಕಡೆ ನೋಡಿದರು, ನನ್ನ ಸೀರೆ, ನನ್ನ ಕನ್ನಡಕ, ನಂಬಲಿಲ್ಲ, ಹುಚ್ಚ ಹಿಡದೈತಿ ಇಂವಗ ಅಂದರು, ನಾನು ಹೂಂ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ, ಇನ್ನೊಂದು ಹೊಡೆತ ಬಿದ್ದಾಗ ನನಗೆ ಆದದ್ದು ಸಮಾಧಾನ, ಅವನ ಬಾಯಿ ಮುಚ್ಚುತ್ತಿದೆಯಲ್ಲ ಎಂಬ ಸಮಾಧಾನ, ಅದಕ್ಕೆ ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ, ಇನ್ನೊಂದು ಹೊಡೀರಿ ಎಂದು ಒಳಗೆ ಯಾರೋ ಹೇಳಿದರು, ನನ್ನ ದನಿಯಲ್ಲೇ. ನಾನು ಕರೆದಿದ್ದ ಪೊಲೀಸರ ಗಾಡಿ ಈಗ ಬಂತು, ಅವನನ್ನು ಬಿಚ್ಚಿಕೊಂಡು ಹೋಯಿತು, ಹೊಸ್ತಿಲಿಗೆ ಒಬ್ಬ ಮುದುಕಿ ಒಲೆಯ ಬೂದಿ ಸುರಿದಳು, ಮೂರು ಮೊರ ಹಿಡಿಯಿತು.

ದವಾಖಾನೆಯ ಪಡಸಾಲೆಯಲ್ಲಿ ಫಿನಾಯಿಲು, ಬಾಳೆಹಣ್ಣಿನ ಸಿಪ್ಪೆ, ಸ್ಟ್ರೆಚರ್ ಮೇಲೆ ಹಂಪವ್ವ, ಎಚ್ಚರ ಇದೆ, ಎಡಗೈ ಮೊಣಕೈಯಿಂದ ಕೆಳಗೆ ಒಂದು ದೊಡ್ಡ ಬಿಳಿ ಗಂಟು, ಗಂಟು ಕೆಂಪಾಗುತ್ತಲೇ ಇದೆ, ಡಾಕ್ಟರು ಚಿಕ್ಕ ವಯಸ್ಸಿನವನು, ಮಣಿಕಟ್ಟು ಚರ್ಮದ ಮೇಲೆ ನಿಂತೈತ್ರಿ, ಹುಬ್ಬಳ್ಳಿಗೆ ಕಳಸ್ತೀವಿ, ಕೂಡಸಾಕ ಆಗತೈತೋ ಇಲ್ಲೋ ಅವರು ನೋಡ್ತಾರ, ಇನ್ನೊಂದ್ ಕೈಯಾಗ ಸೂಜಿ ಚುಚ್ಚಾಕ ನರ ಸಿಗವಲ್ದು, ಈ ಕೈಗೆ ಏನಾಗಿತ್ರಿ ಮೊದಲ, ಅಂದ, ಉತ್ತರಕ್ಕೆ ಕಾಯದೆ ಕಾಲಿಗೆ ಚುಚ್ಚಿದ. ಗೋಡೆಗೊರಗಿ ನೆಲದ ಮೇಲೆ ಬಾಷಾಬಿ, ತನ್ನ ಕೈಗಳೂ ಗಂಜಿಯಿಂದ ಬೊಬ್ಬೆ ಎದ್ದಿವೆ, ಅವುಗಳ ಮೇಲೆ ಊದಿಕೊಳ್ಳುತ್ತ ಅಳುತ್ತಿದ್ದಾಳೆ, ನೋವಿಗಲ್ಲ, ಹಂಪವ್ವ ಕೇಳಿದ್ದಕ್ಕೆ, ಬಾಷಾಬಿ, ಖರೇ ಹೇಳು, ನೀ ಯಾರ ಮುಂದರ ಬಾಯಿ ಬಿಟ್ಟಿದ್ದೇನ — ಇಲ್ಲ ಹಂಪಕ್ಕ, ಅಲ್ಲಾನ ಆಣಿ, ನನ್ನ ಮಕ್ಕಳಾಣಿ — ನಿನ್ನ ಬಿಟ್ಟು ನನ್ನ ಮನಿ ಯಾರಿಗಿ ಗೊತ್ತೈತಿ, ತವರಿನವರಿಗೂ ಗೊತ್ತಿಲ್ಲ, ನೀ ಕುಷ್ಟಗಿ ಜಾತ್ರಿಗೆ ಹೋಗಿದ್ದೆಲ್ಲ, ಹೋದವಾರ — ಇಲ್ಲ ಹಂಪಕ್ಕ, ಇಲ್ಲ, ಅವಳ ತಲೆ ಗೋಡೆಗೆ ಬಡಿಯುತ್ತಿದೆ, ಮೆಲ್ಲಗೆ, ಒಂದೇ ಸಮನೆ, ಸಾಲುಮನೆಯಲ್ಲಿ ಇನ್ನು ಇವಳ ಜೊತೆ ಯಾರೂ ಮಾತಾಡುವುದಿಲ್ಲ, ಗಿರಣಿಯಲ್ಲಿ ಪಕ್ಕದಲ್ಲಿ ಕೂತು ಯಾರೂ ಚೀಲ ಹೊಲಿಯುವುದಿಲ್ಲ, ಗಂಜಿ ಸುರಿದ ಬಾಷಾಬಿ ಸಂಜೆಯೊಳಗೆ ಸುದ್ದಿ ಕೊಟ್ಟ ಬಾಷಾಬಿ ಆಗುತ್ತಾಳೆ, ನಾನು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಎಷ್ಟು ಸಲೀಸು, ಹುಬ್ಬಳ್ಳಿಯ ಖರ್ಚೆಲ್ಲ ವಿಶ್ವವಿದ್ಯಾಲಯದ್ದು ಎಂದು ಹೇಳಬಹುದು, ಶರಣಬಸಪ್ಪನವರಿಗೆ ಫೋನು ಹಚ್ಚಬಹುದು, ಚೀಟಿಯನ್ನು ಸಂಜೆ ಹೋಗಿ ಕಿತ್ತು ಹಾಕಬಹುದು, ಅರವತ್ತೆರಡೂ ಚೀಟಿಗಳನ್ನು, ಈಗಿನ ವಾಸ ಎಂಬ ಸಾಲನ್ನೇ ತೆಗೆದು, ಪತ್ರಿಕೆಯವರು ಕೇಳಿದರೆ ಕಲಾವಿದೆಯರ ಖಾಸಗಿತನದ ಗೌರವ ಎನ್ನಬಹುದು, ಅದೂ ದಪ್ಪಕ್ಷರದಲ್ಲಿ ಬರುತ್ತದೆ. ಹಂಪವ್ವ ನನ್ನ ಕಡೆ ತಲೆ ಹೊರಳಿಸುತ್ತಾಳೆ, ತುಟಿ ಬಿಳಿಚಿದೆ, ನೀವು ಯಾಕ ಬಂದ್ರಿ ಅಕ್ಕಾರ ಇಷ್ಟ ದೂರ, ಬಿಸಲಾಗ, ನಿಮಗ ಯಾರ ಹೇಳಿದ್ರು — ಆಮೇಲೆ, ಉಸಿರು ಎಳೆದುಕೊಂಡು, ಒಂದ ತಿಳಿವಲ್ದರಿ, ಮನಿ ಹೆಂಗರ ಹುಡಿಕ್ಯಾನ, ಎಡಗೈಲೆ ಬರೀತೀನಂತ ಅಂವಗ ಹೆಂಗ ಗೊತ್ತಾತ್ರಿ, ಯಾರ ಹೇಳಿರಬೇಕ್ರಿ ಅಂವಗ — ಬಾಷಾಬಿಯ ತಲೆ ಗೋಡೆಗೆ ಬಡಿಯುವುದು ನಿಲ್ಲುತ್ತದೆ, ಅವಳೂ ನನ್ನ ಕಡೆ ನೋಡುತ್ತಾಳೆ, ನಾನು ಬಾಯಿ ತೆರೆಯುತ್ತೇನೆ, ಹಂಪವ್ವ, ನಾನು, ಎನ್ನುತ್ತೇನೆ, ಎಂದೆನೋ, ಎನ್ನಬೇಕೆಂದಿದ್ದೇನೋ, ಮುಂದಿನ ಮಾತು ಬರುತ್ತಿಲ್ಲ, ಗಾಜು ಬರುತ್ತಿದೆ, ಗಾಜಿನ ಮೇಲೆ ಬಿಸಿಲು, ಇನ್ನೊಮ್ಮೆ ಓದ್ರಿ ಅಕ್ಕಾರ, ನನ್ನ ಬೆರಳು ಅಕ್ಷರದ ಕೆಳಗೆ, ಉಗುರಿನ ತುದಿ, ನಿಧಾನವಾಗಿ, ಮಕ್ಕಳಿಗೆ ಕಲಿಸುವ ಹಾಗೆ, ಎಡಗಡೆ, ಇಲ್ಲಿ ಸ್ವಲ್ಪ ನಿಂತು, ಅವನು ತಲೆಯಾಡಿಸಲೆಂದು ಕಾದು, ಬೆರಳು ಮತ್ತೆ ಸರಿಯುತ್ತದೆ, ಮೂರನೆಯದು, ಬೆರಳು, ಅಕ್ಷರದ ಕೆಳಗೆ ನನ್ನ ಬೆರಳು —